ಮುಚ್ಚಳವಿರುವ ಡಬ್ಬಿ, ಅಂಗೈಯಗಲದ ಕಾಗದ: ದೌರ್ಜನ್ಯದಿಂದ ಚೇತರಿಸಿಕೊಳ್ಳುವ ಮಕ್ಕಳ ಕಲಾ ಚಿಕಿತ್ಸೆಯಲ್ಲಿ ನನ್ನ ಅನುಭವ

ನಡೆದದ್ದನ್ನು ಬಿಡಿಸಲು ಹೇಳದೆ ಬರೀ ಡಬ್ಬಿ ಮಾಡಿಸುತ್ತಾ ಕೂತರೆ ಅದು ಕ್ರಾಫ್ಟ್ ಕ್ಲಾಸ್ ಆದೀತೇ ಹೊರತು ಚಿಕಿತ್ಸೆಯಲ್ಲ ಎಂದು ಜೊತೆಯವರು ಹೇಳುತ್ತಿದ್ದರು. ಈಗ ಅವರಲ್ಲೇ ಕೆಲವರು ಈ ಕ್ರಮವನ್ನು ಕೇಳಿ ಪಡೆದು ಬಳಸುತ್ತಿದ್ದಾರೆ. ಹಾಗಾಗಿ ಬರೆದಿಡುತ್ತಿದ್ದೇನೆ.

ಸುಮಾರು ಹನ್ನೆರಡು ಸೆಷನ್, ಪ್ರತಿಯೊಂದೂ ಮುಕ್ಕಾಲು ಗಂಟೆಯದು. ಮೊದಲ ಮೂರು ನಾಲ್ಕರಲ್ಲಿ ಡಬ್ಬಿ ಬಿಟ್ಟು ಬೇರೇನೂ ಇಲ್ಲ. ದಪ್ಪ ರಟ್ಟು, ಬಿಗಿಯಾಗಿ ಕೂರುವ ಮುಚ್ಚಳ, ಕಟ್ಟಲು ದಾರ. ಹೊರಗೆ ಏನು ಅಂಟಿಸಬೇಕು, ಎಷ್ಟು ಗಂಟು ಹಾಕಬೇಕು ಎಲ್ಲವೂ ಮಗುವಿನ ತೀರ್ಮಾನ. ಮುಂದೆ ಮಾಡುವುದೆಲ್ಲ ಅದರೊಳಗೆ ಹೋಗುತ್ತದೆ, ಮಗು ತೆರೆದರೆ ಮಾತ್ರ ತೆರೆಯುತ್ತದೆ. ಕಾಗದ ಅಂಗೈಯಗಲ, ಹತ್ತು ಸೆಂಟಿಮೀಟರ್ ಆಸುಪಾಸು. ಸುತ್ತ ಚೌಕಟ್ಟನ್ನು ನಾನೇ ಗೀಚಿ ಕೊಡುತ್ತೇನೆ.

ಇದಕ್ಕೂ ಮೊದಲು ದೊಡ್ಡ ಹಾಳೆ, ಬೆರಳಲ್ಲಿ ಬಳಿಯುವ ಬಣ್ಣ ಕೊಟ್ಟು ಸೋತಿದ್ದೇನೆ. ನೀರಾದ ಬಣ್ಣಕ್ಕೆ ಹಿಡಿತವಿಲ್ಲ. ಎಲ್ಲ ಬಣ್ಣ ಬೆರೆತು ಕಂದು ಕೆಸರಾಗುತ್ತದೆ, ಮಗು ಒಂದೋ ಕಲ್ಲಿನಂತೆ ಕೂರುತ್ತದೆ, ಇಲ್ಲವೇ ಬಣ್ಣ ಗೋಡೆಯವರೆಗೂ ಹೋಗುತ್ತದೆ. ಅದನ್ನು ಶಾಂತಗೊಳಿಸುವಷ್ಟರಲ್ಲಿ ಸಮಯ ಮುಗಿದಿರುತ್ತದೆ. ಈಗಿನ ಸರದಿ: ಬಣ್ಣದ ಪೆನ್ಸಿಲ್, ಸ್ಕೆಚ್ ಪೆನ್, ಆಯಿಲ್ ಪೇಸ್ಟಲ್, ಕೊಲಾಜ್ (ಕಾಗದ, ಚಿತ್ರಗಳ ತುಂಡು ಅಂಟಿಸುವುದು), ಆಮೇಲೆ ಜೇಡಿಮಣ್ಣು, ಕಟ್ಟಕಡೆಗೆ ನೀರಿನ ಬಣ್ಣ. ಉಸಿರು ಬಿಗಿಯಾದರೆ, ಕಣ್ಣು ಒಂದೆಡೆ ನಿಂತುಬಿಟ್ಟರೆ ಮರಳಿ ಪೆನ್ಸಿಲ್‌ಗೆ.

ಜೇಡಿಮಣ್ಣಿನಲ್ಲಿ ಹೆಚ್ಚು ಪೆಟ್ಟು ತಿಂದೆ. ಒದ್ದೆ ಜಿಗುಟು, ಅದರ ವಾಸನೆ, ಬಿಳಿ ಗಮ್ಮಿನ ಅಂಟು ಕೆಲವು ಮಕ್ಕಳಿಗೆ ಮೈಯ ನೆನಪನ್ನೇ ಕೆದಕುತ್ತವೆ. ಕಡ್ಡಿ, ಒದ್ದೆ ಬಟ್ಟೆ, ಕೈ ತೊಳೆಯುವ ಬೋಗುಣಿ ಕೈಗೆಟಕುವಂತಿರಲಿ. ಮುಟ್ಟದೆ ಕಡ್ಡಿಯಲ್ಲೇ ಕೆಲಸ ಮಾಡಿದರೂ ಆಗುತ್ತದೆ. ಇನ್ನೊಂದು ಪೆಟ್ಟು ಬಿರುಕಿನದು. ಮಗು ಮಾಡಿದ ಪ್ರಾಣಿ ಮುಂದಿನ ವಾರ ಕಾಲು ಕಳಚಿಕೊಂಡಿದ್ದರೆ ವಾರಗಟ್ಟಲೆ ಗಳಿಸಿದ ನಂಬಿಕೆ ಹೋಗುತ್ತದೆ. ಒಂದೂವರೆ ಸೆಂಟಿಮೀಟರಿಗಿಂತ ದಪ್ಪ ಬೇಡ, ಸೇರುವಲ್ಲಿ ಗೀರಿ, ನೀರಲ್ಲಿ ಕಲಸಿದ ತೆಳು ಮಣ್ಣು ಸವರಿ, ಪ್ಲಾಸ್ಟಿಕ್ ಹೊದಿಸಿ ನಾಲ್ಕೈದು ದಿನ ನಿಧಾನವಾಗಿ ಒಣಗಿಸಿ.

‘ನಿನಗೆ ಸುರಕ್ಷಿತ ಅನಿಸುವ ಜಾಗ ಬಿಡಿಸು’ ಎನ್ನುವುದನ್ನೂ ಕೈಬಿಟ್ಟೆ. ಅಂಥ ಜಾಗವೇ ಇಲ್ಲದ ಮಗುವಿಗೆ ಅದು ಗಾಯದ ಮೇಲೆ ಬರೆ. ಪುಟ್ಟ ಪ್ರಾಣಿಯೊಂದಕ್ಕೆ ಗೂಡು ಮಾಡು ಎಂದರೆ ಬಾಗಿಲು, ಚಿಲಕ, ಕಾವಲು ಎಲ್ಲ ತಾವಾಗಿಯೇ ಬರುತ್ತವೆ.

ದುಡ್ಡಿನ ವಿಷಯ. ಆರಂಭದಲ್ಲಿ ಮುಕ್ಕಾಲು ಪಾಲು ಬಗೆಬಗೆಯ ಬಣ್ಣಕ್ಕೇ ಹೋಯಿತು, ಅರ್ಧ ಒಣಗಿ ಹಾಳಾಯಿತು. ಈಗ ದೊಡ್ಡ ಪಾಲು ಡಬ್ಬಿಗಳನ್ನಿಡುವ, ಬೀಗ ಹಾಕುವ ಕಪಾಟಿಗೆ ಮತ್ತು ಸೂಪರ್‌ವಿಷನ್‌ಗೆ, ಅಂದರೆ ನನ್ನ ಕೆಲಸವನ್ನು ಅನುಭವಿ ಚಿಕಿತ್ಸಕರೊಬ್ಬರ ಮುಂದಿಟ್ಟು ಚರ್ಚಿಸುವುದಕ್ಕೆ. ಕ್ರೆಯಾನ್‌ನಲ್ಲಿ ಉಳಿಸಲು ಹೋಗಬೇಡಿ. ತೆಳ್ಳಗಿನದು ಒತ್ತಿದ ಕೂಡಲೇ ಮುರಿಯುತ್ತದೆ, ಹಿಂದೆ ಏನನ್ನೋ ಮುರಿದು ಏಟು ತಿಂದಿದ್ದ ಮಗು ನಿಮ್ಮ ಮುಖ ನೋಡುತ್ತದೆ. ದಪ್ಪನೆಯದನ್ನೇ ತನ್ನಿ, ತಟ್ಟೆಯಲ್ಲಿ ಮೊದಲೇ ಮುರಿದ ತುಂಡುಗಳನ್ನೂ ಇಡಿ. ಕಾಗದ 150 ಜಿಎಸ್‌ಎಂಗಿಂತ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ) ಕಡಿಮೆ ಬೇಡ, ಉಜ್ಜಿದರೆ ಹರಿಯುತ್ತದೆ.

ಚಿತ್ರ ಓದಲು ಹೋಗುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ. ಕಪ್ಪು ಬಳಸಿದರೆ ದುಃಖ, ದೊಡ್ಡ ಹಲ್ಲು ಬರೆದರೆ ಭಯ ಎಂದು ವರದಿ ಬರೆಯುತ್ತಾರೆ. ಎಷ್ಟೋ ಸಲ ತಟ್ಟೆಯಲ್ಲಿ ಇಂಕು ಉಳಿದಿದ್ದದ್ದು ಆ ಒಂದೇ ಪೆನ್ನಿನಲ್ಲಿ. ಚಿತ್ರದಿಂದ ದೌರ್ಜನ್ಯವನ್ನು ಪತ್ತೆಹಚ್ಚಲಾಗದು. ಮಗು ತಾನಾಗಿ ಹೇಳಿದರೆ ಕೇಳಿ, ಕೆದಕಬೇಡಿ, ಉತ್ತರ ಸೂಚಿಸುವ ಪ್ರಶ್ನೆ ಹಾಕಬೇಡಿ. ಅದರದೇ ಮಾತುಗಳನ್ನು ಇದ್ದಂತೆಯೇ ಬರೆದು, ಕಾನೂನಿನಂತೆ ತಿಳಿಸಬೇಕಾದವರಿಗೆ ಅಂದೇ ವರದಿ ಮಾಡಿ. ಎಂಥ ಗುಟ್ಟುಗಳನ್ನು ನಾವು ಗುಟ್ಟಾಗಿ ಇಡಲಾಗದು ಎಂಬುದನ್ನು ಮಗುವಿಗೆ ಮೊದಲ ದಿನವೇ ತಿಳಿಸಿರಬೇಕು.

ಕೆಲವು ಅಡ್ಡ ಪ್ರಯೋಗಗಳು. ಹಿನ್ನೆಲೆ ಸಂಗೀತ ಹಾಕಿದಾಗ ಮಕ್ಕಳು ಇನ್ನಷ್ಟು ಚಡಪಡಿಸಿದರು. ಹೊರಗಿನ ಹೆಜ್ಜೆ ಸಪ್ಪಳ ಕೇಳದಿದ್ದರೆ ಸದಾ ಎಚ್ಚರದಲ್ಲಿರುವ ಮಗುವಿಗೆ ನೆಮ್ಮದಿಯಿಲ್ಲ. ನಿಲ್ಲಿಸಿದೆ. ಬಾಗಿಲು ಕಾಣುವ ಕುರ್ಚಿಯೂ ಮಗುವಿಗೇ. ಹದಿಹರೆಯದವರು ಡಬ್ಬಿ ಮುಟ್ಟಲಿಲ್ಲ. ಅವರಿಗೆ ಹಳೆಯ ಪುಸ್ತಕ ಕೊಟ್ಟೆ: ಪುಟಗಳನ್ನು ಅಂಟಿಸಿ ಮುಚ್ಚುವುದು, ಪದಗಳ ಮೇಲೆ ಬಣ್ಣ ಬಳಿಯುವುದು, ಕಿಟಕಿ ಕತ್ತರಿಸುವುದು. ಅದು ಅವರಿಗೆ ಚೆನ್ನಾಗಿಯೇ ಹಿಡಿಸಿತು. ಕತ್ತರಿಗಳನ್ನು ಎಣಿಸಿ ಕೊಟ್ಟು ಎಣಿಸಿಯೇ ವಾಪಸ್ ಪಡೆಯಿರಿ.

ಕೊನೆಯ ಐದು ನಿಮಿಷ ಹೇಗೆ ಮುಗಿಸುತ್ತೇನೆ ಎಂಬುದನ್ನು ಬರೆಯುವುದಿಲ್ಲ. ಅದು ಎದುರಿಗೆ ಕೂತು ಕಲಿಯಬೇಕಾದದ್ದು.

ಕೊನೆಯ ಸೆಷನ್‌ನಲ್ಲಿ ಡಬ್ಬಿಯನ್ನು ಒಯ್ಯುವುದೋ, ಇಲ್ಲೇ ಬಿಡುವುದೋ, ಹರಿಯುವುದೋ ಮಗುವೇ ಹೇಳಬೇಕು. ಮನೆಯಲ್ಲಿ ಅದು ಯಾರ ಕೈಗೆ ಸಿಗಬಹುದು ಎಂಬುದನ್ನು ಮೊದಲೇ ಮಾತಾಡಿಕೊಳ್ಳಿ. ತನಿಖೆ ನಡೆಯುತ್ತಿದ್ದರೆ ಹರಿಯುವ ಆಯ್ಕೆ ಇಲ್ಲ, ಅದನ್ನೂ ಮುಂಚೆಯೇ ಹೇಳಿರಬೇಕು. ಹರಿಯುವುದಾದರೆ ಎರಡು ಮೂರು ಸೆಂಟಿಮೀಟರ್ ಚೂರು ಮಾಡಿ ರಾತ್ರಿಯಿಡೀ ನೆನೆಸಿ, ಅರೆದು, ಜಾಲರಿಯ ಮೇಲೆ ಹರಡಿ ಹೊಸ ಹಾಳೆ ಮಾಡುತ್ತೇವೆ. ಆಯಿಲ್ ಪೇಸ್ಟಲ್ ಹಚ್ಚಿದ ಕಾಗದ ಸರಿಯಾಗಿ ಕರಗುವುದಿಲ್ಲ, ಅದನ್ನು ಬೇರೆ ಇಡಿ.