ವರ್ಗಮೂಲ ಬೇಗ ಸುಲಭ ಮಾಡಲು

ತುಮಕೂರಿನಲ್ಲಿ ಎಸೆಸೆಲ್ಸಿ ಮಕ್ಕಳಿರುವ ಮನೆಯವರು ಇದನ್ನು ಹೇಳಿಕೊಡಿ. ವರ್ಗಮೂಲ ಸುಲಭ ಮಾಡುವಾಗ ದೊಡ್ಡ ವರ್ಗ ಸಂಖ್ಯೆ ಹುಡುಕಬೇಡಿ. ಕೊಟ್ಟ ಸಂಖ್ಯೆಯನ್ನು 2, 3, 5, 6, 7, 10ರಿಂದ ಒಂದೊಂದಾಗಿ ಭಾಗಿಸಿ, ಉತ್ತರ ಪೂರ್ಣ ವರ್ಗವೇ (25, 36ರಂಥದ್ದೇ) ನೋಡಿ. ಹೌದಾದರೆ ಅದರ ವರ್ಗಮೂಲ ಹೊರಗೆ ಬರುತ್ತದೆ, ಭಾಗಿಸಿದ ಸಂಖ್ಯೆ √ ಒಳಗೆ ಉಳಿಯುತ್ತದೆ. 72ನ್ನು 2ರಿಂದ ಭಾಗಿಸಿದರೆ 36, ಹಾಗಾಗಿ √72 = 6√2. 75ನ್ನು 3ರಿಂದ ಭಾಗಿಸಿದರೆ 25, √75 = 5√3. 180ನ್ನು 5ರಿಂದ ಭಾಗಿಸಿದರೆ 36, √180 = 6√5. 4, 8, 9 ಬಿಟ್ಟಿದ್ದು ಬೇಕಂತಲೇ. ಅವುಗಳ ಒಳಗೇ ಒಂದು ವರ್ಗ ಅಡಗಿದೆ, ಮೂಲದೊಳಗೆ ಉಳಿದರೆ ಮತ್ತೆ ಬಿಡಿಸಬೇಕು. ಉಳಿದವುಗಳಲ್ಲಿ ಅದಿಲ್ಲ, ಆದ್ದರಿಂದ ಒಂದೇ ಸಲಕ್ಕೆ ಕೆಲಸ ಮುಗಿಯುತ್ತದೆ. √72ನ್ನು 2√18 ಎಂದು ಬರೆದು ಅಲ್ಲೇ ನಿಲ್ಲಿಸುವ ಮಕ್ಕಳೇ ಜಾಸ್ತಿ, ಅಲ್ವಾ? ಆ ತಪ್ಪು ಇಲ್ಲಿ ಆಗುವುದಿಲ್ಲ. ವರ್ಗ ಸಮೀಕರಣದ ಸೂತ್ರ ಹಾಕಿದಾಗ ಇದು ತುಂಬಾ ಉಪಯೋಗ: (6 ± √72)/2 ಬಂದರೆ ನೇರವಾಗಿ 3 ± 3√2 ಬರೆಯಬಹುದು. ಒಳಗೆ ಉಳಿಯುವುದು 11, 13ರಂಥ ಸಂಖ್ಯೆಯಾದರೆ ಈ ಉಪಾಯ ಸಾಲದು. √468ಕ್ಕೆ ಆರೂ ಭಾಜಕಗಳು ಕೈಕೊಡುತ್ತವೆ. ಆಗ 4, 9, 25ರಿಂದ ಭಾಗಿಸುತ್ತಾ ಹೋಗಿ: 468ನ್ನು 4ರಿಂದ ಭಾಗಿಸಿದರೆ 117, ಅದನ್ನು 9ರಿಂದ ಭಾಗಿಸಿದರೆ 13. ಹೊರಗೆ 2 × 3, ಉತ್ತರ 6√13. ಇನ್ನೊಂದು ಎಚ್ಚರಿಕೆ. ಇದು ಗುಣಾಕಾರಕ್ಕೆ ಮಾತ್ರ. √(9+16) ಅಂದರೆ 5, ಸುಮ್ನೆ 3+4 ಮಾಡಿ 7 ಬರೆಯಬೇಡಿ. ಗುಬ್ಬಿ, ಶಿರಾ ಕಡೆಯಿಂದ ಬಸ್ಸಿನಲ್ಲಿ ಬರುವ ಮಕ್ಕಳು ಪೆನ್ನಿಲ್ಲದೆ ಬಾಯಲ್ಲೇ ಅಭ್ಯಾಸ ಮಾಡಬಹುದು, 98 ಮತ್ತು 147ರಿಂದ ಶುರು ಮಾಡಿಸಿ.