ಗಡಿಯಾಚೆ ಹುಟ್ಟಿದ ಮಕ್ಕಳನ್ನು ಲೆಕ್ಕಕ್ಕೆ ತಂದದ್ದು

ನಮ್ಮ ಕಡೆ ಒಂದು ಮಗು ಹುಟ್ಟಿದೆ ಎಂದು ಆರೋಗ್ಯ ಕೇಂದ್ರಕ್ಕೆ ಗೊತ್ತಾಗುವುದೇ ಒಂದು ದೊಡ್ಡ ಕೆಲಸ. ಕಾಸರಗೋಡಿನ ಮಂಜೇಶ್ವರ, ಪೈವಳಿಕೆ, ಎಣ್ಮಕಜೆ ಕಡೆಯ ಎಷ್ಟೋ ಹೆಂಗಸರು ಹೆರಿಗೆಗೆ ಹೋಗುವುದು ಮಂಗಳೂರಿಗೆ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯದೇ ತಾಲೂಕು. ಆಮೇಲೆ ಕೇರಳಕ್ಕೆ ಸೇರಿತು, 1984ರಲ್ಲಿ ಬೇರೆ ಜಿಲ್ಲೆಯೂ ಆಯಿತು. ಆಸ್ಪತ್ರೆಗೆ ಹೋಗುವ ದಾರಿ ಮಾತ್ರ ಬದಲಾಗಲಿಲ್ಲ. ಅಜ್ಜಿ ಹೆತ್ತದ್ದು ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆಯಲ್ಲಿ, ಮೊಮ್ಮಗಳೂ ಅಲ್ಲೇ. ಇನ್ನು ಕೆಲವರ ತವರು ಗಡಿಯಾಚೆಯ ವಿಟ್ಲ, ಪುತ್ತೂರು. ಬಾಣಂತನ ಮುಗಿಸಿ ಗಂಡನ ಮನೆಗೆ ಬರುವಾಗ ಮಗುವಿಗೆ ಮೂರು ನಾಲ್ಕು ತಿಂಗಳು. ಕೈಯಲ್ಲಿ ಕರ್ನಾಟಕದ ಲಸಿಕೆ ಕಾರ್ಡು. ನಮ್ಮ ರಿಜಿಸ್ಟರಿನಲ್ಲಿ ಆ ಮಗುವೇ ಇಲ್ಲ!

ನಾನು ಉಪಕೇಂದ್ರದ ನರ್ಸಾಗಿ ಸೇರಿದ್ದು ಎಂಬತ್ತರ ದಶಕದ ಕೊನೆಗೆ. 1985ರಲ್ಲಿ ದೇಶದಲ್ಲಿ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮ ಶುರುವಾಗಿತ್ತು. ಕ್ಷಯ, ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು, ಪೋಲಿಯೊ, ದಡಾರ: ಈ ಆರು ರೋಗಗಳಿಗೆ ಮದ್ದು. ಆಗ ಗಾಜಿನ ಸಿರಿಂಜು. ಉಪಯೋಗಿಸಿದ್ದನ್ನು ತೊಳೆದು, ಹಬೆಯಲ್ಲಿ ಬೇಯಿಸಿ, ಮತ್ತೆ ಉಪಯೋಗಿಸಬೇಕು.

ಸರಕಾರಿ ರಿಜಿಸ್ಟರಿನ ಜೊತೆಗೆ ನಾನೊಂದು ನೋಟುಬುಕ್ ಇಟ್ಟುಕೊಂಡೆ. ಅದರಲ್ಲಿ ಮನೆಗಳನ್ನು ಬರೆದದ್ದು ನಾನು ನಡೆಯುವ ದಾರಿಯ ಕ್ರಮದಲ್ಲಿ. ತೋಡು ದಾಟಿದ ಮೇಲಿನ ಮೊದಲ ಮನೆ, ಭಜನಾ ಮಂದಿರದ ಹಿಂದಿನ ಮನೆ, ಹೀಗೆ. ಬಸುರಿಗೆ ಐದು ತಿಂಗಳಾಗುವಾಗಲೇ ಕೇಳುತ್ತಿದ್ದೆ: "ಬಾಣಂತನ ಎಲ್ಲಿ? ವಾಪಸ್ ಯಾವಾಗ?" ಸೀಮಂತ ಆದ ಮೇಲೆ ಕೇಳಿದರೆ ಪ್ರಯೋಜನವಿಲ್ಲ, ಅಷ್ಟರಲ್ಲಿ ಅವಳು ತವರಿನಲ್ಲಿರುತ್ತಾಳೆ. ಅವಳು ವಾಪಸ್ ಬಂದ ಸುದ್ದಿ ನನಗೆ ಬೇಗ ಸಿಗುತ್ತಿದ್ದದ್ದು ಬೀಡಿ ಬ್ರಾಂಚಿನಲ್ಲಿ. ಕಟ್ಟಿದ ಬೀಡಿ ಕೊಡಲು ಎಲ್ಲ ಮನೆಯವರೂ ಅಲ್ಲಿಗೆ ಬರುತ್ತಾರಲ್ವಾ? "ಸಿಸ್ಟರ್, ಮೇಲಿನ ಮನೆಯ ಸೊಸೆ ನಿನ್ನೆ ಜೀಪಿನಲ್ಲಿ ಬಂದಳು" ಎಂದು ಯಾರಾದರೂ ಹೇಳಿಯೇ ಹೇಳುವರು. ಯಾವ ಕಚೇರಿಯಿಂದಲೂ ನನಗೆ ಅಷ್ಟು ಸರಿಯಾದ ಮಾಹಿತಿ ಬಂದದ್ದಿಲ್ಲ.

ಮದ್ದು ಒಯ್ಯುವುದೂ ನಾಜೂಕಿನ ಕೆಲಸ. ಬಿಸಿ ತಾಗಿದರೆ ಕೆಡುತ್ತದೆ ಎಂದು ಎಲ್ಲರಿಗೂ ಗೊತ್ತು. ಆದರೆ ಡಿಪಿಟಿ, ಅಂದರೆ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಮೂರಕ್ಕೂ ಕೊಡುವ ಮದ್ದು, ಹೆಪ್ಪುಗಟ್ಟಿದರೂ ಕೆಡುತ್ತದೆ. ಫ್ರೀಜರಿನಿಂದ ತೆಗೆದ ಐಸ್‌ಪ್ಯಾಕನ್ನು ಸೀದಾ ಪೆಟ್ಟಿಗೆಗೆ ಹಾಕಬಾರದು. ಮೇಜಿನ ಮೇಲಿಟ್ಟು ಕಾಯಬೇಕು. ಮೈಮೇಲೆ ನೀರು ಒಸರಿ, ಕಿವಿಯ ಹತ್ತಿರ ಅಲ್ಲಾಡಿಸಿದಾಗ ಒಳಗೆ ನೀರಿನ ಸದ್ದು ಕೇಳಬೇಕು. ಸಂಶಯ ಬಂದರೆ ಡಿಪಿಟಿ ಬಾಟಲಿಯನ್ನು ಅಲ್ಲಾಡಿಸಿ ನಿಲ್ಲಿಸಿ ನೋಡುವುದು. ಸರಿಯಿದ್ದದ್ದು ತುಂಬ ಹೊತ್ತು ಮಜ್ಜಿಗೆ ನೀರಿನ ಹಾಗೆ ಕದಡಿಕೊಂಡೇ ಇರುತ್ತದೆ. ಹೆಪ್ಪುಗಟ್ಟಿ ಕರಗಿದ್ದರಲ್ಲಿ ಚೂರುಗಳು ಕಾಣುತ್ತವೆ, ಬೇಗ ತಳಕ್ಕೆ ಕೂರುತ್ತವೆ. ದಡಾರದ್ದು ಮತ್ತೊಂದು ಲೆಕ್ಕ. ನೀರು ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು. ಹಾಗಾಗಿ ಒಂಬತ್ತು ತಿಂಗಳಾದ ಐದಾರು ಮಕ್ಕಳನ್ನು ಒಂದೇ ದಿನ ಅಂಗನವಾಡಿಗೆ ಕರೆಸಬೇಕು. ಆದರೂ ಒಂದೇ ಮಗು ಬಂದರೆ? ಬಾಟಲಿ ಒಡೆದೇ ಕೊಡುತ್ತಿದ್ದೆ. ಮದ್ದು ಹಾಳಾಗುತ್ತದೆಂದು ಮಗುವನ್ನು ವಾಪಸ್ ಕಳಿಸಿದರೆ ಆ ತಾಯಿ ಮತ್ತೆ ಬರುವುದಿಲ್ಲ.

ಚುಚ್ಚಿದ ದಿನ ರಾತ್ರಿ ಜ್ವರ ಬರುತ್ತದೆ ಎಂದು ನಾನು ಮೊದಲೇ ಹೇಳುತ್ತಿದ್ದೆ, ಅದೂ ಅಜ್ಜಿಗೆ. ಮನೆಯಲ್ಲಿ ನಡೆಯುವುದು ಅವರ ಮಾತು. ಮರುದಿನ ಸಾಧ್ಯವಾದರೆ ಆ ದಾರಿಯಲ್ಲೇ ಹೋಗಿ "ಮಗು ಹೇಗಿದೆ ಅಜ್ಜಿ?" ಎಂದು ಕೇಳುವುದು. ಎರಡನೇ ಡೋಸಿಗೆ ಅಜ್ಜಿಯೇ ಎತ್ತಿಕೊಂಡು ಬರುತ್ತಿದ್ದರು.

ಎಣ್ಮಕಜೆಯ ಪಡ್ರೆ ಕಡೆ ಮಾತ್ರ ಈ ಉಪಾಯ ಸಾಲಲಿಲ್ಲ. ಅಲ್ಲಿಯ ಸರಕಾರಿ ಗೇರು ತೋಟಗಳಿಗೆ 2000ದ ಕೊನೆಯವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು, ಮಕ್ಕಳ ಕಾಯಿಲೆಗೆ ಕಾರಣವೆಂದು ಊರವರು ದೂರುತ್ತಿದ್ದ ಕೀಟನಾಶಕ ಅದು. ದೇಶದಲ್ಲಿ ಅದಕ್ಕೆ ತಡೆ ಬಿದ್ದದ್ದು 2011ರ ಮೇ ತಿಂಗಳಲ್ಲಿ, ಸುಪ್ರೀಂ ಕೋರ್ಟಿನಿಂದ. ಚಾಪೆಯ ಮೇಲೆ ಏಳಲಾಗದೆ ಮಲಗಿದ ಮಗು ಇರುವ ಮನೆಯಲ್ಲಿ, "ಇದರ ತಮ್ಮನಿಗೆ ಸೂಜಿ ಚುಚ್ಚುತ್ತೇನೆ" ಎನ್ನುವುದು ಹೇಗೆ? ಅಲ್ಲಿ ನಾನು ಮೊದಲು ಪೆಟ್ಟಿಗೆ ತೆರೆಯುತ್ತಿರಲಿಲ್ಲ. ಮಲಗಿದ ಮಗುವಿನ ಬೆನ್ನು ನೋಡಿ, ಹುಣ್ಣಾಗದಂತೆ ಮಗ್ಗುಲು ಬದಲಿಸುವುದನ್ನು ತೋರಿಸಿಕೊಟ್ಟು, ಆಮೇಲೆ ತಮ್ಮನ ಮಾತು. ಆ ತಾಯಂದಿರು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡಬೇಕಾದವರು ದೊಡ್ಡ ಜಾಗಗಳಲ್ಲಿದ್ದರು. ಎದುರು ಕೂತು ಕೇಳಿಸಿಕೊಂಡದ್ದು ನಮ್ಮಂಥ ನರ್ಸುಗಳು, ಅಂಗನವಾಡಿ ಟೀಚರುಗಳು.

ಈಗ ಉಕ್ಕಿನಡ್ಕದಲ್ಲಿ ಸರಕಾರಿ ಮೆಡಿಕಲ್ ಕಾಲೇಜು ಇದೆ. ಲಸಿಕೆಯ ಲೆಕ್ಕ ಫೋನಿನಲ್ಲೇ ಸಿಗುತ್ತದೆ. ಒಳ್ಳೆಯದೇ ಆಯಿತು. ಆದರೂ ಹೊಸದಾಗಿ ಸೇರಿದ ಹುಡುಗಿಯರಿಗೆ ನಾನು ಹೇಳುವುದು, ಕೆಂಪುಕಲ್ಲಿನ ಕ್ವಾರಿಗಳ ಶೆಡ್ಡುಗಳಿಗೆ ಹೋಗಿ ಎಂದು. ಉತ್ತರ ಕರ್ನಾಟಕದಿಂದ ಕೆಲಸಕ್ಕೆ ಬಂದವರ ಮಕ್ಕಳು ಅಲ್ಲಿದ್ದಾರೆ. ಹಗಲು ಹೋದರೆ ಯಾರೂ ಸಿಗುವುದಿಲ್ಲ. ಸಂಜೆ ಒಲೆ ಹಚ್ಚುವ ಹೊತ್ತಿಗೆ ಹೋಗಿ, ಕನ್ನಡದಲ್ಲೇ ಮಾತಾಡಿಸಿ, ಮತ್ತೆ ಊರಿಗೆ ಹೋಗುವುದು ಯಾವಾಗ ಎಂದು ಮೊದಲೇ ಕೇಳಿಕೊಳ್ಳಿ.