ವಿಮರ್ಶೆ ಬರೆಯುವಾಗ ಉಲ್ಲೇಖವನ್ನು ನಿಮ್ಮ ವಾಕ್ಯದೊಳಗೆ ಕೂರಿಸುವುದು ಹೇಗೆ?

'ಕವಿ ಹೀಗೆ ಹೇಳಿದ್ದಾರೆ' ಅಂತ ಬರೆದು, ನಾಲ್ಕು ಸಾಲು ಪದ್ಯ ಇಳಿಸಿ, ಆಮೇಲೆ ಅದೇ ಪದ್ಯವನ್ನು ಗದ್ಯದಲ್ಲಿ ಮತ್ತೆ ಹೇಳುವುದು. ಬಹಳಷ್ಟು ಪ್ರಬಂಧಗಳು ನಡೆಯುವುದೇ ಹೀಗೆ. ಇದರಲ್ಲಿ ನಿಮ್ಮ ಮಾತು ಎಲ್ಲಿದೆ?

12ನೇ ಶತಮಾನದ ಬಸವಣ್ಣನ 'ಉಳ್ಳವರು ಶಿವಾಲಯವ ಮಾಡುವರು' ವಚನವನ್ನೇ ತೆಗೆದುಕೊಳ್ಳಿ, ಎಲ್ಲರಿಗೂ ಬಾಯಿಗೆ ಬರುತ್ತದೆ. ಮೊದಲು ಉಲ್ಲೇಖ ಇಲ್ಲದೆ ನಿಮ್ಮ ಮಾತನ್ನು ಒಂದು ಸಾಲಿನಲ್ಲಿ ಬರೆಯಿರಿ. ಉದಾಹರಣೆಗೆ, ಈ ವಚನದ ಬಡವ ಬೇಡುವುದಿಲ್ಲ, ತನ್ನ ಬಳಿ ಏನಿದೆ ಅಂತ ತೋರಿಸುತ್ತಾನೆ. ಸರಿ, ಇದಕ್ಕೆ ಸಾಕ್ಷಿ ಯಾವ ಪದಗಳು? ಇಡೀ ವಚನ ಬೇಡ, ಎರಡು ತುಣುಕು ಸಾಕು:

'ನಾನೇನ ಮಾಡುವೆ ಬಡವನಯ್ಯಾ' ಎಂದು ಕೈಚೆಲ್ಲಿದಂತೆ ಶುರುವಾಗುವ ದನಿ, ಮುಂದಿನ ಮಾತು ಮುಗಿಯುವಷ್ಟರಲ್ಲಿ 'ಶಿರವೇ ಹೊನ್ನ ಕಳಸವಯ್ಯಾ' ಎನ್ನುವಷ್ಟು ಎತ್ತರಕ್ಕೆ ಏರಿರುತ್ತದೆ.

ಜೋರಾಗಿ ಓದಿ ನೋಡಿ, ನಾಲಿಗೆ ಎಲ್ಲೂ ಎಡವುವುದಿಲ್ಲ. 'ಎಂದು', 'ಎನ್ನುವ', 'ಎಂಬ', 'ಎಂದಾಗ' ಇವು ಯಾವ ಉಲ್ಲೇಖದ ಬೆನ್ನಿಗಾದರೂ ಕೂರುತ್ತವೆ, ಕನ್ನಡದಲ್ಲಿ ಬರೆಯುವವರಿಗೆ ಇದು ದೊಡ್ಡ ಅನುಕೂಲ. ಒಂದು ಅಪಾಯವೂ ಇದೆ. 'ಬಸವಣ್ಣ' ಅಂತ ಮೊದಲೇ ಬರೆದು, ಮೂರು ಸಾಲು ಉಲ್ಲೇಖ ತುರುಕಿ, ಕೊನೆಯಲ್ಲಿ 'ಎನ್ನುತ್ತಾರೆ' ಅಂದರೆ, ಕ್ರಿಯಾಪದ ಬರುವ ಹೊತ್ತಿಗೆ ಹೇಳುತ್ತಿರುವವರು ಯಾರು ಅನ್ನುವುದೇ ಮರೆತುಹೋಗಿರುತ್ತದೆ, ಅಲ್ವಾ? ಅದಕ್ಕೇ ಉಲ್ಲೇಖ ಮೊದಲು ಬರಲಿ, 'ಎನ್ನುವ ಬಸವಣ್ಣ' ಆಮೇಲೆ. ತುಂಬಾ ಉದ್ದ ಇದ್ದರೆ ನಿಮ್ಮ ವಾಕ್ಯವನ್ನು ಪೂರ್ತಿ ಮುಗಿಸಿ, ಪದ್ಯವನ್ನು ಕೆಳಗೆ ಬೇರೆಯಾಗಿ ಇಡಿ.

ವಿಭಕ್ತಿ ಪ್ರತ್ಯಯ ನಿಮ್ಮದು, ಹಾಗಾಗಿ ಅದು ಉಲ್ಲೇಖ ಚಿಹ್ನೆಯ ಹೊರಗಿರಲಿ: 'ಕಂಬ'ದಿಂದ 'ಕಳಸ'ದವರೆಗೆ. ಒಳಗಿನದ್ದು ಮಾತ್ರ ಮುಟ್ಟಬೇಡಿ. 'ಶಿವಾಲಯವ' ಅನ್ನುವುದನ್ನು 'ಶಿವಾಲಯವನ್ನು' ಮಾಡುವುದು, 'ಎನ್ನ' ಇದ್ದಲ್ಲಿ 'ನನ್ನ' ಬರೆಯುವುದು ಬೇಡವೇ ಬೇಡ. ನಡುವೆ ಬಿಟ್ಟರೆ ಮೂರು ಚುಕ್ಕಿ. ಮುದ್ರಣದಿಂದ ಮುದ್ರಣಕ್ಕೆ ವಚನದ ಪದಗಳು ಬದಲಾಗುವುದುಂಟು, ಒಂದು ಮುದ್ರಣವನ್ನೇ ಹಿಡಿದುಕೊಳ್ಳಿ.

ಉಲ್ಲೇಖ ಆದ ಮೇಲಿನ ವಾಕ್ಯಕ್ಕೇ ಹೆಚ್ಚು ಸಮಯ ಕೊಡಿ. 'ಅಂದರೆ ದೇಹವೇ ದೇವಾಲಯ ಎಂದರ್ಥ' ಅಂತ ಬರೆದರೆ ಓದುಗನಿಗೆ ಹೊಸದೇನೂ ಸಿಗಲಿಲ್ಲ. ಸುಮ್ನೆ ಜಾಗ ತುಂಬಿತು ಅಷ್ಟೇ. ಅದರ ಬದಲು ಕ್ರಮವನ್ನು ನೋಡಿ: ಕಾಲು, ದೇಹ, ಶಿರ. ಕಟ್ಟಡ ಏಳುವ ಹಾಗೇ ಕೆಳಗಿನಿಂದ ಮೇಲಕ್ಕೆ ಹೋಗುತ್ತದೆ. 'ನಾನೇನ ಮಾಡುವೆ' ಎಂದವನು ನಮ್ಮ ಕಣ್ಣೆದುರೇ ಗುಡಿ ಕಟ್ಟಿ ಮುಗಿಸಿದ, ಅದೂ ಹೊನ್ನಿನ ಕಳಸ ಇಟ್ಟು! ಇದನ್ನು ಬರೆದರೆ ಆ ಉಲ್ಲೇಖ ಅಲ್ಲಿ ಇದ್ದದ್ದಕ್ಕೆ ಒಂದು ಕಾರಣ ಸಿಗುತ್ತದೆ.

ವಚನದ ವಿಷಯದಲ್ಲಿ ಇನ್ನೊಂದು ಮಾತು. ಜಾಗ ಉಳಿಸಲು ಅಂಕಿತವನ್ನು, ಅಂದರೆ ವಚನಕಾರರು ತಮ್ಮ ಗುರುತಾಗಿ ಬಳಸುವ ದೇವರ ಹೆಸರನ್ನು, ಕತ್ತರಿಸುವವರು ತುಂಬಾ ಜನ. 'ಸ್ಥಾವರಕ್ಕಳಿವುಂಟು ಜಂಗಮಕ್ಕಳಿವಿಲ್ಲ' ಅನ್ನುವುದನ್ನಷ್ಟೇ ಎತ್ತಿಕೊಂಡರೆ ಅದು ಗಾದೆಯ ಹಾಗೆ ಕೇಳಿಸುತ್ತದೆ. ಹಿಂದಿನ 'ಕೂಡಲಸಂಗಮದೇವಾ ಕೇಳಯ್ಯಾ' ಜೊತೆಗಿದ್ದರೆ, ಗುಡಿ ನಿಲ್ಲುವುದಿಲ್ಲ ಅನ್ನುವುದನ್ನು ಬಸವಣ್ಣ ದೇವರಿಗೇ ನೇರವಾಗಿ ಹೇಳುತ್ತಿದ್ದಾನೆ ಅನ್ನುವುದು ಗೊತ್ತಾಗುತ್ತದೆ.